ಮೀನೂಟಕ್ಕೆ ಮೊದಲು ಕೂಗುವ ಹೆಸರು

ಮರಳುಕೋಡಿ
18 ಫೆಬ್ರವರಿ 2024

ಜಾನಬಿ ಅಕ್ಕನಿಗೆ ನಮಸ್ಕಾರ.

ನಾನು ಗುಲಾಬಿ ಖಾರ್ವಿ. ನಿಮ್ಮ ಮಗ ಅದ್ನಾನ್ ದುಡಿಯುತ್ತಿದ್ದ ದೋಣಿಯ ಒಡತಿ. ಫೋನು ಮಾಡಿದಾಗಲೆಲ್ಲ ನಿಮ್ಮ ಸೊಸೆ ಜಬೀನ್ ಎತ್ತುತ್ತಾಳೆ, ನೀವು ಮಾತಿಗೆ ಬರುವುದಿಲ್ಲ. ಅಕ್ಟೋಬರಿನಲ್ಲಿ ಆ ಸುದ್ದಿ ಬಂದದ್ದು ಫೋನಿನಲ್ಲೇ, ಅದಕ್ಕೇ ನೀವು ಅದನ್ನು ಮುಟ್ಟುವುದನ್ನು ಬಿಟ್ಟಿದ್ದೀರಿ ಎಂದು ಅವಳು ಹೇಳಿದಳು. ನೀವು ಕನ್ನಡ ಶಾಲೆಯಲ್ಲಿ ಓದಿದವರು ಎಂದು ಅದ್ನಾನ್ ಜಂಬದಿಂದ ಹೇಳುತ್ತಿದ್ದ. ಹಾಗಾಗಿ ಕಾಗದ ಬರೆಯುತ್ತಿದ್ದೇನೆ.

ಬಲೆ ಎಳೆಯುವಾಗ ಎದ್ದ ಅಲೆ ಅವನನ್ನು ಕೊಂಡೊಯ್ದದ್ದು ನಿಮಗೆ ಗೊತ್ತೇ ಇದೆ. ಸರಕಾರದವರು ಹುಡುಕಿದರು. ನಮ್ಮೂರಿನ ದೋಣಿಗಳೆಲ್ಲ ಕಸುಬು ಬಿಟ್ಟು ಹುಡುಕಿದವು. ಸಿಗಲಿಲ್ಲ. ಆಗ ಅವನ ಪಕ್ಕದಲ್ಲಿದ್ದವನು ನಿಮ್ಮ ಕಡೆಯವನೇ, ಸೇಡಂ ಹತ್ತಿರದ ಮುಧೋಳದ ಅಂಬರೇಶ. ಅವನು ಅಂದಿನಿಂದ ಊರಿಗೇ ಹೋಗಿಲ್ಲ. ವಾಡಿ ಸ್ಟೇಷನ್ನಿನಲ್ಲಿ ಇಳಿಯುವ ಧೈರ್ಯವಿಲ್ಲ ಎನ್ನುತ್ತಾನೆ.

ಬರೆಯಲು ಕಾರಣ ನಮ್ಮ ಮೀನೂಟದ ಹಬ್ಬ. ಮಳೆಗಾಲಕ್ಕೆ ದೋಣಿಗಳನ್ನು ಮೇಲೆಳೆಯುವ ಮೊದಲು, ಮೇ ಕೊನೆಯ ವಾರದಲ್ಲಿ ಪ್ರತಿ ವರ್ಷ ಮಾಡುತ್ತೇವೆ. ಈಗ ಅದಕ್ಕೆ ಪೆಂಡಾಲು, ಮೈಕು, ಹೊರಗಿನ ಊರುಗಳಿಂದ ಕಾರು ಎಲ್ಲ ಬರುತ್ತವೆ. ಆದರೆ ಮೊದಲಿನಿಂದ ನಡೆದು ಬಂದ ಒಂದು ಪದ್ಧತಿಯನ್ನು ಬಿಟ್ಟಿಲ್ಲ. ಆ ವರ್ಷ ಕಡಲಿಗೆ ಹೋಗಿ ಮರಳದವರ ಹೆಸರನ್ನು ದಡದಲ್ಲಿ ನಿಂತು ಮೂರು ಸಲ ಕೂಗುತ್ತೇವೆ. ಮನೆಯವರು ನೀರಿನ ಅಂಚಿನಲ್ಲಿ ನಿಂತಿರಬೇಕು. ಆಮೇಲೆ ಅವನ ಜೊತೆಯವರಿಗೆ ಅವನ ತಾಯಿ ಮೊದಲ ಸೌಟು ಸಾರು ಬಡಿಸಬೇಕು. ಅವಳು ಬಡಿಸುವವರೆಗೆ ಹಬ್ಬದಲ್ಲಿ ಒಬ್ಬರೂ ಉಣ್ಣುವುದಿಲ್ಲ.

ಈ ವರ್ಷ ಒಂದೇ ಹೆಸರು. ನೀವು ಬರಬೇಕು.

ನಿಮ್ಮ
ಗುಲಾಬಿ


ವಾಡಿ
5 ಮಾರ್ಚ್ 2024

ಗುಲಾಬಿಬಾಯಿಯವರಿಗೆ ಜಾನಬಿಯ ಸಲಾಮ್.

ನಿಮ್ಮ ಕಾಗದ ಬಂತು. ನನ್ನ ಹೆಸರಿಗೆ ಕಾಗದ ಬಂದು ಎಷ್ಟು ವರ್ಷವಾಯಿತೋ, ಪೋಸ್ಟಿನವನೇ ಹೆದರಿದ. "ಯಾರದ್ರಿ ಜಾನಬಿ, ಚೊಲೋ ಸುದ್ದಿ ಅದ ಇಲ್ಲೋ?" ಎಂದು ಬಾಗಿಲಲ್ಲೇ ನಿಂತುಕೊಂಡ. ಓದಿ, ಚೊಲೋ ಸುದ್ದಿಯೇ ಇದೆ ಎಂದು ಹೇಳಿ ಕಳಿಸಿದೆ.

ಇಲ್ಲಿಗೆ ಬರುವವರೆಲ್ಲ "ಸಬರ್ ಮಾಡು, ತಾಳ್ಕೊ ಜಾನಬಿ" ಎನ್ನುತ್ತಾರೆ. ಸಾರಿಗೆ ಉಪ್ಪು ಕಮ್ಮಿಯಾದರೆ ಸಬರ್ ಮಾಡಲಾಗದ ಮಂದಿ ನನಗೆ ಬುದ್ಧಿ ಹೇಳುತ್ತಾರೆ. ನೀವು ಅದನ್ನು ಬರೆಯಲಿಲ್ಲ. ಅವನ ಹೆಸರು ಕೂಗುತ್ತೇವೆ ಎಂದಿರಿ. ಇಷ್ಟು ದಿನ ಯಾರ ತಲೆಗೂ ಬಾರದ್ದು ನಿಮಗೆ ಹೊಳೆಯಿತು.

ನಮ್ಮ ಯಜಮಾನರು ಅಬ್ದುಲ್ ಮಜೀದ, ರಾವೂರಿನ ಫರಸಿ ಕಲ್ಲಿನ ಖಣಿಯಲ್ಲಿ ಆಳುಗಳ ಮೇಲಿನ ಮುಕದಮರಾಗಿದ್ದರು. ಖಣಿಯಲ್ಲಿ ಮದ್ದು ಹಾರಿಸಿದ ಮೇಲೆ ಧೂಳು ಇಳಿಯುವವರೆಗೆ ಎಲ್ಲರೂ ದೂರ ನಿಲ್ಲುತ್ತಾರೆ. ಆಮೇಲೆ ಮುಕದಮರು ಒಬ್ಬೊಬ್ಬರ ಹೆಸರು ಕೂಗುತ್ತಾರೆ. ಓ ಎಂದವರು ಬದುಕಿದರು. ಓ ಎನ್ನದಿದ್ದರೆ ಅವತ್ತಿನ ಕೆಲಸ ಅಲ್ಲಿಗೇ ಬಂದ್. ಕಲ್ಲು ಹೊರುತ್ತಿದ್ದ ನಾವು ಹೆಂಗಸರು ಬುಟ್ಟಿ ಅತ್ತ ಒಗೆದು ಓಡುತ್ತಿದ್ದೆವು, ಸಿಗುವವರೆಗೆ ಕಲ್ಲು ಎತ್ತುತ್ತಿದ್ದೆವು. ಒಂದು ಸಲ ಜೈಭೀಮ ಎಂಬ ಹುಡುಗ ಓ ಎನ್ನಲಿಲ್ಲ. ಎಲ್ಲರೂ ಮುಗಿಯಿತು ಎಂದರು. ನಮ್ಮವರು ಮಾತ್ರ ಕೂಗುವುದನ್ನು ನಿಲ್ಲಿಸಲಿಲ್ಲ. ಸಂಜೆಗೆ ಒಂದು ದೊಡ್ಡ ಫರಸಿಯ ಕೆಳಗಿನ ಸಂದಿಯಿಂದ ದನಿ ಬಂತು. ಈಗ ಅವನು ರಾವೂರಿನ ಬಸ್ ನಿಲ್ದಾಣದಲ್ಲಿ ಚಹಾ ಮಾರುತ್ತಾನೆ. ನಾನು ಹೋದರೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ನನ್ನ ಮಗನ ಹೆಸರನ್ನು ಯಾರೂ ಸರಿಯಾಗಿ ಕೂಗಿಯೇ ಇಲ್ಲ. ಹಾಗಾಗಿ ನಾನು ಬರುತ್ತೇನೆ.

ಅಂಗಿ ಹೊಲಿಯುತ್ತಿದ್ದೇನೆ. ಇಷ್ಟು ದಿನ ನೀರಿನ ಕಡೆ ಇದ್ದವನ ಮೈ ಇಳಿದಿರುತ್ತದೆ, ಅದಕ್ಕೆ ಅಳತೆ ಸ್ವಲ್ಪ ಬಿಗಿ ಹಿಡಿದಿದ್ದೇನೆ. ಕೂಗುವವರಿಗೆ ಹೇಳಿರಿ: ಅದ್ನಾನ್ ಎಂದರೆ ಅವನು ಕೇಳಿಸಿದರೂ ಕೇಳಿಸದ ಹಾಗೆ ಇರುತ್ತಾನೆ. ಸಣ್ಣವನಿದ್ದಾಗಿನಿಂದ ಅದೇ ಚಾಳಿ. ಅದ್ದೂ ಎನ್ನಬೇಕು.

ಜಾನಬಿ


ವಾಡಿ
12 ಮಾರ್ಚ್ 2024

ಗುಲಾಬಿ ಅಮ್ಮನವರಿಗೆ,

ನಾನು ಜಬೀನ್. ಅತ್ತೆ ರಂಜಾನಿನ ರಾತ್ರಿಯ ತರಾವೀಹ್ ನಮಾಜಿಗೆ ನಿಂತಿದ್ದಾರೆ, ಅಷ್ಟರಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಮಾತಾಡಿದರೆ ಈ ಒಂದೇ ಕೋಣೆಯ ಮನೆಯಲ್ಲಿ ಅವರಿಗೆ ಕೇಳಿಸುತ್ತದೆ.

ಅವರು ನಿಮಗೆ ಏನು ಬರೆದರೆಂದು ನನಗೆ ಓದಿ ಹೇಳಿದರು. ಓಣಿಗೆಲ್ಲ ಹೇಳಿದ್ದಾರೆ. "ಸಮುದ್ರದ ಮಂದಿ ನನ್ನ ಮಗನ್ನ ಹುಡುಕಾಕತ್ತಾರ, ಹೆಸರ ಹಿಡದು ಕರೀತಾರಂತ" ಎನ್ನುತ್ತಾರೆ. ನೀವು ಕೂಗುವುದು ಹುಡುಕುವುದಕ್ಕಲ್ಲ ಎಂದು ನನಗೆ ನಿಮ್ಮ ಕಾಗದ ಓದಿದ ಕೂಡಲೇ ತಿಳಿಯಿತು. ಅವರಿಗೆ ತಿಳಿಯಲಿಲ್ಲ. ಖಣಿಯಲ್ಲಿ ಬಾಳಿದವರಿಗೆ ಹೆಸರು ಕೂಗುವುದೆಂದರೆ ಒಂದೇ ಅರ್ಥ.

ನಮ್ಮ ಮಸೀದಿಯ ಹಜ್ರತ್ ಮನೆಗೆ ಬಂದು ಹೇಳಿ ಹೋದರು. ಕಂಡವರು ಸಾಕ್ಷಿ ಹೇಳಿದ್ದಾರೆ, ಒಪ್ಪಿಕೊಳ್ಳಿರಿ ಎಂದರು. "ಮಯ್ಯತ್ ಎಲ್ಲದರಿ? ನಮಾಜ್ ಮಾಡ್ತೀರೇನು?" ಎಂದು ಅತ್ತೆ ಕೇಳಿದರು. ಮಯ್ಯತ್, ಅಂದರೆ ತೀರಿದವರ ಮೈ, ಎದುರಿಗೆ ಇಲ್ಲದೆ ನಮ್ಮಲ್ಲಿ ಜನಾಜಾ ನಮಾಜ್ ಇಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಏನೂ ನಡೆದಿಲ್ಲ. ಯಾರೂ ಬಂದು ಕೂಡಲಿಲ್ಲ, ಯಾರೂ ತೀರಿದವರ ಹೆಸರಿನಲ್ಲಿ ಫಾತಿಹಾ ಓದಲಿಲ್ಲ. ನನ್ನ ಕೈಯ ಬಳೆ ಒಂದು ಒಡೆದರೂ ಅತ್ತೆ ಅವತ್ತೇ ಹೊಸದು ತಂದು ಹಾಕುತ್ತಾರೆ.

ನನ್ನ ತವರು ಗುಂಡಗುರ್ತಿಯಿಂದ ಅಪ್ಪ ಕರೆಯಲು ಬಂದಿದ್ದರು. "ಅಂವ ಬಂದು ನನ್ನ ಹೆಂಡತಿ ಎಲ್ಲಿ ಅಂದ್ರ ಏನ್ ಹೇಳ್ಲಿ?" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಅವರು ಕೆಟ್ಟವರಲ್ಲ. ನನಗೆ ಉಣ್ಣಿಸದೆ ತಾವು ಉಣ್ಣುವುದಿಲ್ಲ. ಆದರೆ ಅವರ ಮುಂದೆ ನಾನು ಕಣ್ಣು ಒದ್ದೆ ಮಾಡುವ ಹಾಗಿಲ್ಲ.

ನೀವೇ ತಿಳಿಸಿ ಹೇಳಿರಿ. ನಾನು ಹೇಳಿದರೆ ಇವಳಿಗೆ ಇನ್ನೊಂದು ಲಗ್ನದ ಆಸೆ ಎಂದುಕೊಳ್ಳುತ್ತಾರೆ. ಆಸೆ ಇಲ್ಲವೇ ಇಲ್ಲ ಎಂದು ನಿಮಗೆ ಸುಳ್ಳು ಬರೆಯಲಾರೆ. ನನಗಿನ್ನೂ ಇಪ್ಪತ್ಮೂರು. ನನ್ನ ಯಜಮಾನರು ಹೋದದ್ದನ್ನು ನೆನೆದರೆ ಬದುಕೇ ಬೇಡ ಅನ್ನಿಸುತ್ತದೆ, ಬೆಳಗಾದರೆ ಹಸಿವಾಗುತ್ತದೆ. ಏನು ಮಾಡಲಿ ಹೇಳಿರಿ.

ನಿಮ್ಮ ಮಗಳಂತಹ
ಜಬೀನ್


ಮರಳುಕೋಡಿ
2 ಏಪ್ರಿಲ್ 2024

ಜಾನಬಿ ಅಕ್ಕನಿಗೆ,

ನಿಮ್ಮ ಕಾಗದ ಓದಿದ ದಿನ ನನಗೆ ಊಟ ಸೇರಲಿಲ್ಲ. ತಪ್ಪು ನನ್ನದು. ನಮ್ಮೂರಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಮಾತು ಎಂದು ಬಿಡಿಸಿ ಬರೆಯಲಿಲ್ಲ. ಈಗ ಬಿಡಿಸಿ ಬರೆಯುತ್ತೇನೆ, ಬಯ್ಯಬೇಕೆನಿಸಿದರೆ ಬಯ್ಯಿರಿ.

ನಾವು ದಡದಲ್ಲಿ ಕೂಗುವುದು ಹುಡುಕುವುದಕ್ಕಲ್ಲ. ಮೂರು ಸಲ ಕೂಗುತ್ತೇವೆ, ಉತ್ತರ ಬರುವುದಿಲ್ಲ. ಬರುವುದಿಲ್ಲ ಎಂದು ಊರೆಲ್ಲ ಒಟ್ಟಿಗೆ ನಿಂತು ಕೇಳಿಸಿಕೊಳ್ಳುತ್ತೇವೆ. ಅಷ್ಟೇ ಆ ಪದ್ಧತಿ. ಕಡಲು ಮೈಯನ್ನು ಮರಳಿಸದಿದ್ದರೆ ಸುಡುವುದಕ್ಕೂ ಹೂಳುವುದಕ್ಕೂ ಏನೂ ಇರುವುದಿಲ್ಲ. ಮನೆಯವರು ಬಾಗಿಲು ತೆರೆದಿಟ್ಟು ಕಾಯುತ್ತಲೇ ಮುದುಕರಾಗುತ್ತಾರೆ. ಹಾಗಾಗಬಾರದೆಂದು ಹಿರಿಯರು ಇದನ್ನು ಮಾಡಿದರು.

ನನ್ನ ಗಂಡನ ಹೆಸರನ್ನೂ ಇದೇ ದಡದಲ್ಲಿ ಕೂಗಿದರು. ಮೂರನೆಯ ಕೂಗು ಮುಗಿದಾಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಇವರಿಗೆಲ್ಲ ಉಣ್ಣುವ ಅವಸರ ಎಂದುಕೊಂಡೆ. ನನ್ನ ಅತ್ತೆ ಸೌಟು ಹಿಡಿದು ಬಡಿಸಿದಳು. ಅವತ್ತು ಮನೆಗೆ ಹೋಗಿ ಬಾಗಿಲು ಹಾಕಿ ಮಲಗಿದೆ. ಅವರು ಹೋದ ಮೇಲೆ ಬಾಗಿಲು ಹಾಕಿದ್ದು ಅದೇ ಮೊದಲು.

ಅದ್ನಾನ್ ಇಲ್ಲ, ಅಕ್ಕ. ಇದನ್ನು ಬರೆಯಬೇಕಾಗಿ ಬಂದದ್ದು ನನ್ನ ಹಣೆಬರಹ. ಅವನು ನಮ್ಮ ಮನೆಯಲ್ಲಿ ಉಂಡವನು, ಬಂಗುಡೆ ಸಾರು ಮಾಡಿದ ದಿನ ಪಾತ್ರೆ ಬಳಿದು ಇಟ್ಟು "ಅಮ್ಮಾ, ಬೆಕ್ಕಿಗೆ ಏನೂ ಉಳದಿಲ್ಲ" ಎಂದು ನಗುತ್ತಿದ್ದವನು.

ಗುಲಾಬಿ


ವಾಡಿ
22 ಏಪ್ರಿಲ್ 2024

ಗುಲಾಬಿಬಾಯಿಯವರಿಗೆ,

ತಿಳಿಯಿತು. ನಿಮ್ಮದು ಕರೆಯುವುದಲ್ಲ, ಕೈ ತೊಳೆದುಕೊಳ್ಳುವುದು. ಮೂರು ಸಲ ಕೂಗಿ ಮೀನು ತಿನ್ನಲು ಕೂಡುವ ಮಂದಿಯ ನಡುವೆ ನನಗೇನು ಕೆಲಸ?

ರಂಜಾನ್ ಹಬ್ಬದ ದಿನ ಅವನ ತಾಟು ಇಟ್ಟಿದ್ದೆ. ಶಾವಿಗೆಯ ಶೀರ್ ಖುರ್ಮಾ ಮೇಲೆ ಕೆನೆ ಕಟ್ಟುವವರೆಗೆ ಇಟ್ಟಿದ್ದೆ. ಜಬೀನ್ ನೋಡಿದಳು. ನೀವು ಅವಳಿಗೂ ಬರೆದಿದ್ದೀರೋ ಏನೋ, ಅವಳು ನನ್ನನ್ನು ಮಗುವನ್ನು ನೋಡಿದ ಹಾಗೆ ನೋಡುತ್ತಾಳೆ.

ನಮ್ಮ ಯಜಮಾನರು ತೀರಿಕೊಂಡಾಗ ನಾನು ಮುಖ ನೋಡಿದೆ. ರಾವೂರಿನ ಕಬರಸ್ತಾನಿನಲ್ಲಿ ಅವರ ಮೇಲೆ ಮಣ್ಣು ಬಿದ್ದ ಸಪ್ಪಳ ಗೋಡೆಯ ಆಚೆ ನಿಂತು ಕೇಳಿದೆ. ಅತ್ತುಬಿಟ್ಟೆ, ಮುಗಿಯಿತು. ಇವನದು ನಾನು ಏನು ನೋಡಿದೆ, ಏನು ಕೇಳಿದೆ? ಒಬ್ಬ ಅಂಬರೇಶನ ಮಾತು. ಅವನೂ ಮುಖ ತೋರಿಸಿಲ್ಲ.

ನನ್ನ ಮಗನ ಹೆಸರು ನಿಮ್ಮ ದಡದಲ್ಲಿ ಯಾರ ಬಾಯಲ್ಲೂ ಬರಬಾರದು.

ಜಾನಬಿ


ಮರಳುಕೋಡಿ
4 ಮೇ 2024

ಜಾನಬಿ ಅಕ್ಕನಿಗೆ,

ಹಬ್ಬದ ಸಮಿತಿಯವರಿಗೆ ಹೇಳಿದ್ದೇನೆ. ತಾಯಿಯ ಒಪ್ಪಿಗೆಯಿಲ್ಲದೆ ಹೆಸರು ಕೂಗುವುದಿಲ್ಲ. ಈ ವರ್ಷ ಕೂಗುವುದಿಲ್ಲ, ಸುಮ್ಮನೆ ಸಾರು ಬಡಿಸುತ್ತಾರೆ.

ಆದರೆ ಅಂಬರೇಶ ಉಣ್ಣಲು ಕೂಡುವುದಿಲ್ಲವಂತೆ. "ಆ ತಾಯಿ ನೀಡಿದ್ರ ಉಣ್ತೀನಿ, ಇಲ್ಲಂದ್ರ ಈ ಊರಾಗ ನನಗ ಅನ್ನ ಬ್ಯಾಡ" ಎನ್ನುತ್ತಾನೆ. ನಿಮಗೆ ತಿಳಿಸಬೇಕೆನಿಸಿತು.

ಹಬ್ಬ 25ಕ್ಕೆ, ಶನಿವಾರ. ನಮ್ಮ ಮನೆ ಬಂದರಿನ ಹಿಂದೆ, ಯಾರನ್ನು ಕೇಳಿದರೂ ತೋರಿಸುತ್ತಾರೆ.

ಗುಲಾಬಿ


ಮರಳುಕೋಡಿ
26 ಮೇ 2024

ಜಬೀನ್ ಬೇಟಿಗೆ,

ಈ ಕಾಗದಕ್ಕಿಂತ ಮೊದಲು ನಾನೇ ಮನೆ ಮುಟ್ಟಬಹುದು. ಮುಟ್ಟಿದರೂ ಇದನ್ನು ಎದುರಿಗೆ ಕುಳಿತು ಹೇಳಲಾರೆ. ಅದಕ್ಕೇ ಬರೆದು ಪೋಸ್ಟಿನ ಡಬ್ಬಿಗೆ ಹಾಕುತ್ತೇನೆ. ಬಂದಾಗ ಓದಿಕೋ, ನನಗೆ ತೋರಿಸಬೇಡ.

ಶಹಾಬಾದಿಗೆ ತಂಗಿಯ ಮನೆಗೆ ಎಂದು ಹೇಳಿ ಹೊರಟೆನಲ್ಲ, ಇಲ್ಲಿಗೆ ಬಂದೆ. ಅಂಬರೇಶ ಉಣ್ಣುವುದಿಲ್ಲ ಎಂದು ಓದಿದ ಮೇಲೆ ಮನೆಯಲ್ಲಿ ಕೂಡಲಾಗಲಿಲ್ಲ, ಅವನನ್ನು ಎದುರಿಗೇ ಕೇಳಬೇಕಿತ್ತು. ನೀನು ತಿಳಿದುಕೊಂಡಿದ್ದೆ ಎಂದು ನನಗೂ ಗೊತ್ತು. ತಂಗಿಯ ಮನೆಗೆ ಹೋಗುವವಳಿಗೆ ಯಾರು ಅಷ್ಟು ರೊಟ್ಟಿ ಕಟ್ಟಿಕೊಡುತ್ತಾರೆ?

ಸಮುದ್ರ ನೋಡಿದೆ. ಅದರ ಬಗ್ಗೆ ಬರೆಯುವುದಿಲ್ಲ.

ಗುಲಾಬಿಬಾಯಿ ಬಾಗಿಲಲ್ಲಿ ನನ್ನನ್ನು ನೋಡಿ ಕೈಯ ಗಂಟು ಇಸಿದುಕೊಂಡಳು. ಕಾಲು ತೊಳೆಯಲು ನೀರು ಕೊಟ್ಟಳು. "ಹೆಸರು ಕೂಗಲಿ, ನಾನು ಕೇಳಿಸಿಕೊಳ್ಳುತ್ತೇನೆ. ಬಡಿಸುವ ಮಾತು ಆಮೇಲೆ" ಎಂದೆ. ಅವಳು ತಲೆ ಆಡಿಸಿ ಸಮಿತಿಯವರಿಗೆ ಹೇಳಲು ಹೋದಳು.

ಜಾತ್ರೆ ಎನ್ನಬೇಕು ಅಷ್ಟು ಮಂದಿ. ಸಾಲಾಗಿ ಒಲೆ, ಕಾವಲಿ ಮೇಲೆ ಮೀನು, ಹೊಗೆ, ತೆಂಗಿನೆಣ್ಣೆಯ ವಾಸನೆ, ಮಕ್ಕಳ ಕೈಯಲ್ಲಿ ಐಸ್ ಕ್ಯಾಂಡಿ. ಇದರ ನಡುವೆ ನನ್ನ ಮಗನ ಹೆಸರೇ ಎಂದುಕೊಂಡೆ. ಹೊತ್ತು ಇಳಿಯುವಾಗ ಮೈಕು ಬಂದ್ ಮಾಡಿದರು. ಒಬ್ಬ ಮುದುಕ ಮೊಣಕಾಲುದ್ದ ನೀರಿಗೆ ಇಳಿದು ಕೂಗಿದ. ಅದ್ದೂ ಎಂದೇ ಕೂಗಿದ. ನಾನು ಬರೆದದ್ದನ್ನು ಗುಲಾಬಿ ಮರೆತಿರಲಿಲ್ಲ.

ಬೇಟಿ, ನನಗೆ ಎಲ್ಲ ಗೊತ್ತಿತ್ತು. ಕಾಗದದಲ್ಲಿ ಓದಿದ್ದೆ. ಆದರೂ ಆ ಕೂಗು ಬಿದ್ದ ಕೂಡಲೇ ಕಾಲು ಕೇಳಲಿಲ್ಲ, ಖಣಿಯಲ್ಲಿ ಓಡುತ್ತಿದ್ದ ಹಾಗೆ ಓಡಿದೆ. ಸೀರೆ ನೆನೆದು ಸೊಂಟದವರೆಗೆ ನೀರು ಬಂದಾಗ ಗುಲಾಬಿ ಹಿಂದಿನಿಂದ ಹಿಡಿದುಕೊಂಡಳು. ಎರಡನೆಯ ಸಲ ಕೂಗಿದರು, ಮೂರನೆಯ ಸಲ ಕೂಗಿದರು. ನಾನು ಕಿವಿಗೊಟ್ಟು ನಿಂತೆ. ಅಲೆ ಬಂದು ಹೋಗುವ ಸಪ್ಪಳ ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ಮಂದಿಯಲ್ಲಿ ಒಂದು ಕೂಸು ಸಹ ಅಳಲಿಲ್ಲ.

ಆಮೇಲೆ ನನ್ನ ಕೈಗೆ ಸೌಟು ಕೊಟ್ಟರು. ದೋಣಿಯವರು ಎಲೆಯ ಮುಂದೆ ಕುಳಿತಿದ್ದರು, ಮೊದಲಿಗೆ ಅಂಬರೇಶ. ತಲೆ ಎತ್ತಲಿಲ್ಲ. ನಾನು ಬಡಿಸಲಿಲ್ಲ. ನಿಂತೆ. ಹಿಂದೆ ಸಾವಿರಾರು ಮಂದಿ ತಾಟು ಹಿಡಿದು ನಿಂತಿದ್ದರು. ಕಾರಿನಲ್ಲಿ ಬಂದವರು ಏನಾಯಿತೆಂದು ಇಣುಕುತ್ತಿದ್ದರು. ಸಾರು ಆರುತ್ತಿತ್ತು. ಆರಲಿ, ಯಾರೂ ಉಣ್ಣದಿರಲಿ, ನನ್ನ ಮಗ ಉಣ್ಣದ ಊರಲ್ಲಿ ಯಾಕೆ ಉಣ್ಣಬೇಕು ಎಂದುಕೊಂಡೆ. ಸತ್ಯ ಹೇಳುತ್ತೇನೆ, ಆಗ ನನಗೆ ಸಂತೋಷವೇ ಆಯಿತು.

ಬಡಿಸು ಎಂದು ಒಬ್ಬರೂ ನನಗೆ ಹೇಳಲಿಲ್ಲ. ಅದು ನನ್ನನ್ನು ಸೋಲಿಸಿತು. ಕೊನೆಗೆ ನಾನೇ ಅಂಬರೇಶನನ್ನು ಕೇಳಿದೆ.

"ನೀ ಕಣ್ಣಾರೆ ನೋಡೀದೇನು?"

"ನೋಡೀನ್ರಿ. ಕೈ ಹಿಡದಿದ್ದೆ. ಜಾರಿ ಹೋಯ್ತರಿ."

"ಆಮ್ಯಾಲ ಕರದೇನು? ಹೆಸರ ಹಿಡದು ಕರದೇನು?"

ಆಗ ತಲೆ ಎತ್ತಿದ. "ಕರದೀನ್ರಿ ಅಮ್ಮಾ. ಕತ್ತಲಾಗತನಕ ಕರದೀನಿ. ದನಿ ಬಿದ್ದು ಹೋದ ಮ್ಯಾಲ ತಗಡು ಬಡದೀನಿ. ದೋಣಿ ನಡಸೋ ತಾಂಡೇಲ ದಡಕ್ಕ ತಿರುಗಸ್ತೀನಿ ಅಂದ್ರ ನಾ ಬಿಡಲಿಲ್ಲ, ಅವನ ಕಾಲ ಹಿಡದೀನಿ. ಓ ಅನಲಿಲ್ರಿ ಅಂವ."

ನಾನು ಇಷ್ಟು ದಿನ ಬೇಡಿದ್ದು ಇದನ್ನೇ, ಬೇಟಿ. ನನ್ನ ಮಗನನ್ನು ಯಾರೂ ಕರೆಯಲಿಲ್ಲ, ಕರೆಯದೆ ಬಿಟ್ಟು ಬಂದರು ಎಂದು ನನ್ನ ಹೊಟ್ಟೆಯಲ್ಲಿ ಕೂತಿತ್ತು. ಕರೆದಿದ್ದರು. ದನಿ ಬೀಳುವವರೆಗೆ ಕರೆದಿದ್ದರು. ಇದಕ್ಕಿಂತ ಹೆಚ್ಚು ನಿನ್ನ ಮಾವನೂ ಮಾಡುತ್ತಿರಲಿಲ್ಲ.

ಅವನ ಎಲೆಗೆ ಸಾರು ಹಾಕಿದೆ. "ಉಣ್ಣಪ್ಪಾ" ಎಂದೆ. ಅವನು ಉಂಡ. ಊರು ಉಂಡಿತು. ಗುಲಾಬಿ ನನಗೂ ಒಂದು ತುಂಡು ಬಂಗುಡೆ ಕೊಟ್ಟಳು. ಮುಳ್ಳು ಬಿಡಿಸಲು ಬರಲಿಲ್ಲ, ಅವಳೇ ಬಿಡಿಸಿ ಕೊಟ್ಟಳು. ರುಚಿ ಇತ್ತು. ಅದ್ದೂ ಯಾಕೆ ಪಾತ್ರೆ ಬಳಿಯುತ್ತಿದ್ದ ಎಂದು ತಿಳಿಯಿತು.

ನಿನ್ನ ಅತ್ತೆ
ಜಾನಬಿ


ವಾಡಿ
24 ಜೂನ್ 2024

ಗುಲಾಬಿಗೆ ಜಾನಬಿಯ ಸಲಾಮ್.

ಮಳೆ ಹಿಡಿದಿದೆ. ನಿಮ್ಮ ದೋಣಿಗಳು ದಡಕ್ಕೆ ಬಂದಿರಬೇಕು. ಅಂಬರೇಶ ಊರಿಗೆ ಬಂದ. ವಾಡಿಯಲ್ಲಿ ಇಳಿದು ಮೊದಲು ನಮ್ಮ ಮನೆಗೇ ಬಂದ. ರೊಟ್ಟಿ, ತೊಗರಿ ಬ್ಯಾಳಿ ಉಂಡು ಮುಧೋಳಕ್ಕೆ ಹೋದ. ಮನೆಯಲ್ಲಿ ಫಾತಿಹಾ ಓದಿಸಿದೆ. ಓಣಿಯ ಮಂದಿ ಬಂದು ಕುಳಿತರು. ಇಷ್ಟು ದಿನ ಬರದೆ ಇದ್ದ ನೆಂಟರೂ ಬಂದರು, ನಾನೇ ಅವರನ್ನು ಬಾಗಿಲಿನ ಹೊರಗೆ ಇಟ್ಟಿದ್ದೆನಲ್ಲ.

ಗಂಡ ತೀರಿದವಳು ನಾಲ್ಕು ತಿಂಗಳು ಹತ್ತು ದಿನ ಕೂಡುವ ಇದ್ದತ್ತಿಗೆ ಜಬೀನಳನ್ನು ಕೂಡಿಸಬೇಕು, ಯಾವತ್ತಿನಿಂದ ಎಂದು ಹಜ್ರತ್‌ರನ್ನು ಕೇಳಿದೆ. "ಅದು ಯಾವಾಗೋ ಮುಗದದ ಜಾನಬಿ. ಇದ್ದತ್ ಅಂವ ತೀರಿದ ದಿನದಿಂದನ ನಡೀತದ. ನೀವು ಒಪ್ಪಿದ್ರೂ ನಡೀತದ, ಒಪ್ಪಲಿಲ್ಲಂದ್ರೂ ನಡೀತದ" ಎಂದರು. ಚಳಿಗಾಲ ಮುಗಿಯುವ ಹೊತ್ತಿಗೇ ಆ ಹುಡುಗಿ ಬಿಡುಗಡೆಯಾಗಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ. ನಾನು ಆಗ ಬಳೆ ತೊಡಿಸುತ್ತಿದ್ದೆ.

ಬಕ್ರೀದ್ ಮುಗಿಸಿಕೊಂಡು ಅವಳನ್ನು ಗುಂಡಗುರ್ತಿಗೆ ಬಿಡಲು ಹೊರಟೆ. ಅವಳೇನೂ ಹೋಗುತ್ತೇನೆ ಎಂದಿರಲಿಲ್ಲ. "ನಾ ಇಲ್ಲೇ ಇರ್ತೀನ್ರಿ" ಎಂದಳು. "ಅತ್ತೀ ಸೇವಾ ಮಾಡಿ ಮುದುಕಿ ಆಗ್ತೀಯೇನು? ನಡಿ" ಎಂದೆ. ಚಿತ್ತಾಪುರದಲ್ಲಿ ಬಸ್ಸು ಬದಲಿಸಿ ಕುಳಿತೆವು. ಪಕ್ಕದ ಸೀಟಿನಲ್ಲಿ ಅಮೃತಮ್ಮ ಎಂಬ ಹೆಂಗಸು, ಮೊರದಷ್ಟು ಬಾಯಿ. ನಮ್ಮ ಗಂಟು ನೋಡಿ ಮಾತಿಗೆ ಎಳೆದಳು.

"ಮಗಳೇನ್ರಿ?"

"ಸೊಸಿ."

"ಮಗ ಏನ್ ಮಾಡ್ತಾನ್ರಿ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ತಯಾರಿತ್ತು. ಎಲ್ಲರಿಗೂ ಅದನ್ನೇ ಹೇಳುತ್ತ ಬಂದಿದ್ದೆ, ಸಮುದ್ರದ ಕಡೆ ದುಡಿಯಲು ಹೋಗಿದ್ದಾನೆ ಎಂದು. ಬಾಯಿ ತೆರೆದೆ. "ತೀರಿಕೊಂಡಾನವ್ವ" ಎಂದೆ. "ಸಮುದ್ರದಾಗ ತೀರಿಕೊಂಡ. ಈಕಿನ್ನ ತವರಿಗಿ ಬಿಡಾಕ ಹೊಂಟೀನಿ."

ಗುಲಾಬಿ, ಜಬೀನ್ ನನ್ನ ಮುಖ ನೋಡಿದಳು. ಆಮೇಲೆ ನನ್ನ ತೊಡೆಯ ಮೇಲೆ ಬಿದ್ದು ಅತ್ತಳು. ಅಷ್ಟು ದೊಡ್ಡ ದನಿ ಅವಳಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ಬಸ್ಸಿನವರೆಲ್ಲ ತಿರುಗಿ ನೋಡಿದರು, ಡ್ರೈವರ್ ಕನ್ನಡಿಯಲ್ಲಿ ನೋಡಿದ. ಅಮೃತಮ್ಮ ತನ್ನ ಸೆರಗಿನಿಂದಲೇ ಅವಳ ಮುಖ ಒರೆಸಲು ಬಂದಳು. ಬ್ಯಾಡ್ರಿ, ಅಳಲಿ ಬಿಡ್ರಿ ಎಂದು ಕೈ ಅಡ್ಡ ಹಿಡಿದೆ. ಜಬೀನಳ ತಲೆಯ ಮೇಲೆ ಕೈ ಇಟ್ಟುಕೊಂಡು ಕುಳಿತೆ.

ಗುಂಡಗುರ್ತಿ ಬಂತು. ಕಂಡಕ್ಟರ್ ನಮ್ಮ ಕಡೆ ನೋಡಿದ. ಅವಳ ಅಳು ಇನ್ನೂ ಮುಗಿದಿರಲಿಲ್ಲ, ಮುಗಿಯಲಿ ಎಂದು ನಾನು ಇಳಿಯುತ್ತೇವೆ ಎನ್ನಲಿಲ್ಲ. ಅವನು ಸುಮ್ಮನೆ ಸೀಟಿ ಊದಿದ, ಬಸ್ಸು ಮುಂದೆ ಹೋಯಿತು.

ಜಾನಬಿ